ಕೆಂಪು ಹೂವಿನ ಪೊಟ್ಟಣ

ಕಾಳಪ್ಪನಪಾಳ್ಯ, ಅನ್ನೂರು ದಾರಿ
28 ಮೇ 2024

ತಮ್ಮ ಶಣ್ಮುಗನಿಗೆ ಅಕ್ಕ ಮಲ್ಲಿಗಾ ಬರೆಯುವುದು.

ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ನೀನು ಅದನ್ನು ಸ್ಪೀಕರಿಗೆ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀಯ, ನಡುನಡುವೆ "ಆಯ್ತಕ್ಕ, ಆಯ್ತಕ್ಕ" ಅನ್ನುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಕಾಫಿ ಆರುವುದರೊಳಗೆ ಕುಲದವರ ಗ್ರೂಪಿನಲ್ಲಿ ಇರುತ್ತದೆ. ಅದಕ್ಕೇ ಕಾಗದ, ಅದಕ್ಕೇ ಕನ್ನಡ. ಕೊಳ್ಳೇಗಾಲದಿಂದ ಬಂದ ಅವ್ವ ನಮ್ಮಿಬ್ಬರನ್ನೂ ಮಗ್ಗದ ಪಕ್ಕ ಕೂರಿಸಿ ಕಲಿಸಿದ ಈ ಅಕ್ಷರವನ್ನು ನಿನ್ನ ಮನೆಯಲ್ಲಿ ಇನ್ನೊಬ್ಬರು ಓದಲಾರರು. ಇದನ್ನು ನೀನೊಬ್ಬನೇ ನುಂಗಬೇಕು.

ಮೊದಲು ನಿನಗೆ ಒಂದು ಶಾಭಾಸ್ ಹೇಳಬೇಕು. ಹೋದ ಶುಕ್ರವಾರ ಚೌಡಮ್ಮನ ಗುಡಿಯಲ್ಲಿ ಬಹಳ ಚೆನ್ನಾಗಿ ನಡೆಸಿದೆ. ಮದುವೆಗೆ, ಬಾವಿ ತೋಡುವುದಕ್ಕೆ ನಮ್ಮವರು ಅಮ್ಮನ ಮುಂದೆ ಹೂ ಕೇಳುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒಂದು ಪೊಟ್ಟಣದಲ್ಲಿ ಬಿಳಿ ಹೂ, ಒಂದರಲ್ಲಿ ಕೆಂಪು, ಏನೂ ತಿಳಿಯದ ಮಗುವಿನ ಕೈ. ಊರಿನ ಪಳ್ಳಿಕೂಡ, ಮಕ್ಕಳು ಓದುವ ಶಾಲೆ, ಇರಬೇಕೋ ಮುಚ್ಚಬೇಕೋ ಎಂದು ಹೂ ಕೇಳಿದ್ದನ್ನು ಮಾತ್ರ ಈಗ ನೋಡಿದೆ. ಬಿಳಿ ಬಂದರೆ ಇರಲಿ, ಕೆಂಪು ಬಂದರೆ ದೊಡ್ಡ ರೋಡಿನಾಚೆಯ ಮೇಲ್ಪಾಳ್ಯದ ಪಳ್ಳಿಕೂಡಕ್ಕೆ ಸೇರಿಸಿಬಿಡಲಿ ಎಂದು ನೀನೇ ಜೋರಾಗಿ ಹೇಳಿದೆ. ಎತ್ತುವುದಕ್ಕೆ ಆರಿಸಿದ್ದು ಯಾರನ್ನು? ಅದೇ ಪಳ್ಳಿಕೂಡದಲ್ಲಿ ಮೂರನೇ ಕ್ಲಾಸು ಮುಗಿಸಿದ ನನ್ನ ಮೊಮ್ಮಗಳು ಕೃತ್ತಿಕಾಳನ್ನು. ಅವಳು ಕೆಂಪನ್ನು ಎತ್ತಿದಳು. ನೀನು ಅವಳನ್ನು ಮೇಲಕ್ಕೆತ್ತಿ ತೋರಿಸಿ, "ಅಮ್ಮ ಈ ಮಗು ಕೈಯಲ್ಲಿ ಬದಲ್ ಕೊಟ್ಟುಟ್ಳು, ಇನ್ನು ಯಾರೂ ಪೇಚು ಎತ್ತಬಾರ್ದು" ಅಂದೆ. ಅಮ್ಮನ ಉತ್ತರದ ಮೇಲೆ ಯಾರೂ ಮಾತೆತ್ತಲಿಲ್ಲ.

ಅಂದು ಜಗುಲಿಯ ಮೇಲೆ ಕೂತಿದ್ದ ದೊಡ್ಡ ಮನುಷ್ಯರಲ್ಲಿ ಒಬ್ಬನ ಮೊಮ್ಮಗುವಾದರೂ ಆ ಪಳ್ಳಿಕೂಡದಲ್ಲಿ ಇದೆಯೇ? ನಿಮ್ಮ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ, ಟೈ ಕಟ್ಟಿಕೊಂಡು ಅನ್ನೂರಿಗೆ ಹೋಗುವವು. ಉಳಿದದ್ದು ಕೂಲಿಗೆ ಪವರ್‌ಲೂಮ್ ಓಡಿಸುವ ನಮ್ಮಂಥವರ ಮಕ್ಕಳು. ಖಾಲಿ ಮಾಡಿದವರೂ ನೀವೇ, "ಅಯ್ಯೋ ಖಾಲಿಯಾಗಿದೆ" ಎಂದು ಕಣ್ಣೊರೆಸಿಕೊಳ್ಳುವವರೂ ನೀವೇ. ಪಳ್ಳಿಕೂಡ ಹೋದರೆ ಜಾಗ ಗುಡಿಗೆ ವಾಪಸ್ಸು, ಗುಡಿಯ ಕಮಿಟಿಗೆ ನೀನೇ ಅಧ್ಯಕ್ಷ, ತಲೈವರು, ಅಲ್ಲಿ ಏಸಿ ಹಾಕಿದ ಮದುವೆ ಮಂಟಪ ಏಳುತ್ತದೆ. ಅಮ್ಮನಿಗೆ ಏಸಿ ಬೇಕು ಅನ್ನಿಸಿತೋ, ನಿನಗೋ, ನನಗೆ ತಿಳಿಯದು.

ಹುಡುಗಿ ನೀನು ಕೊಟ್ಟ ಪಾವಾಡೆ ಲಂಗವನ್ನು ಇನ್ನೂ ಬಿಚ್ಚಿಲ್ಲ. "ಅಜ್ಜಿ, ಅಮ್ಮ ನನ್ ಕೈಲಿ ಪೇಸಿದ್ಳು" ಎಂದು, ತನ್ನ ಕೈಯಲ್ಲಿ ಚೌಡಮ್ಮನೇ ಮಾತಾಡಿದಳೆಂದು, ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅಕ್ಕ
ಮಲ್ಲಿಗಾ


ತಿರುಪ್ಪೂರು
9 ಜೂನ್ 2024

ಪ್ರೀತಿಯ ಅಕ್ಕನಿಗೆ ಶಣ್ಮುಗಂ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂತು. ಕನ್ನಡ ಬರೆದು ವರ್ಷಗಳಾದವು, ತಪ್ಪಿದ್ದರೆ ಮನ್ನಿಸು. ನಿನ್ನ ಬಾಯಿ ಮಾತ್ರ ಹಾಗೇ ಇದೆ.

ಅಕ್ಕ, ನೀನು ಎಲ್ಲವನ್ನೂ ಕೆಟ್ಟ ಕಣ್ಣಿನಿಂದ ನೋಡುತ್ತೀಯ. ಅಷ್ಟು ಕಡಿಮೆ ಮಕ್ಕಳನ್ನು ಇಟ್ಟುಕೊಂಡು ಯಾವ ಸರ್ಕಾರ ಪಳ್ಳಿಕೂಡ ನಡೆಸುತ್ತದೆ? ಮೇಲ್ಪಾಳ್ಯದಲ್ಲಿ ಕ್ಲಾಸಿಗೊಬ್ಬ ಟೀಚರ್ ಇದ್ದಾರೆ, ಗೋಡೆಗೆ ಟಿವಿ ಹಾಕಿ ಪಾಠ ಮಾಡುತ್ತಾರೆ, ಆಟದ ಮೈದಾನವಿದೆ. ನಮ್ಮ ವಿಜಯಕುಮಾರಿ ಟೀಚರನ್ನೂ ಅಲ್ಲಿಗೇ ಹಾಕುತ್ತಾರಂತೆ. ಮಕ್ಕಳು ಮುಂದೆ ಬರಬೇಕು ಅಲ್ಲವೇ? ಊರಿನಲ್ಲಿ ಎರಡು ಮಾತು ಬರಬಾರದೆಂದು ಅಮ್ಮನನ್ನು ಕೇಳಿದೆವು. ಅಮ್ಮ ಕೊಟ್ಟ ಉತ್ತರವನ್ನು ನಾನು ಒಪ್ಪಿಕೊಂಡೆ, ನೀನೂ ಒಪ್ಪಿಕೋ.

ಕಂಪೆನಿಯಲ್ಲಿ ಈಗ ಆರ್ಡರು ಜಾಸ್ತಿ. ಕೃತ್ತಿಕಾ ಚೆನ್ನಾಗಿ ಓದಲಿ. ಅವಳಪ್ಪ ಧನಪಾಲನನ್ನು ವಿಚಾರಿಸಿದೆ ಎಂದು ಹೇಳು.

ನಿನ್ನ ತಮ್ಮ
ಶಣ್ಮುಗಂ


ಕಾಳಪ್ಪನಪಾಳ್ಯ
22 ಜುಲೈ 2024

ಶಣ್ಮುಗ,

ಈ ಸಲ ನಗುವುದಕ್ಕೆ ಬರೆಯುತ್ತಿಲ್ಲ. ನೀನು ಒಂದು ಕೆಲಸ ಮಾಡಿಕೊಡಬೇಕು, ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಮಕ್ಕಳು ಈಗ ಮೇಲ್ಪಾಳ್ಯಕ್ಕೆ ಹೋಗುತ್ತಿದ್ದಾರೆ. ಮೈದಾನ, ಟಿವಿ ಎಲ್ಲ ನೀನು ಹೇಳಿದ ಹಾಗೇ ಇವೆ. ಅವುಗಳಿಗೂ ನಮ್ಮ ಬೀದಿಗೂ ನಡುವೆ ದೊಡ್ಡ ರೋಡು ಇರುವುದನ್ನು ಮಾತ್ರ ನೀನು ಮರೆತೆ, ಕಾರಿನಲ್ಲಿ ಹೋಗುವವರಿಗೆ ಅದು ರೋಡಾಗಿ ಕಾಣುವುದಿಲ್ಲ. ಟೌನ್ ಬಸ್ಸು ಮಕ್ಕಳನ್ನು ಕಂಡರೆ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಸ್ಟಾಪು ದಾಟಿ ನಿಲ್ಲಿಸುತ್ತದೆ. ಈ ತಿಂಗಳ ಮೊದಲಿಗೆ ಒಂದು ದಿನ ಮಕ್ಕಳೆಲ್ಲ ಅದರ ಹಿಂದೆ ಓಡಿದರು. ನಮ್ಮ ಬೀದಿಯ ತಂಗಮಣಿಯ ಮಗ ರಾಮ್‌ಕುಮಾರ್ ಒಂದನೇ ಕ್ಲಾಸು, ಕಾಲು ಎಷ್ಟುದ್ದ ಇದ್ದೀತು? ಓಡುವಾಗ ಸ್ಕೂಟರಿಗೆ ಸಿಕ್ಕಿ ಬಿದ್ದ. ಮೊಣಕೈ ಮುರಿಯಿತು. ಜೀವಕ್ಕೆ ಏನೂ ಆಗಲಿಲ್ಲ.

ತಂಗಮಣಿ ಮಗನನ್ನು ಎತ್ತಿಕೊಂಡು ನಮ್ಮ ಬಾಗಿಲ ಮುಂದೆ ಬಂದು ನಿಂತಳು. ಕೃತ್ತಿಕಾಳನ್ನು ನೋಡಿ, "ನಿನ್ ಕೈ ಬಿಳಿ ಪೊಟ್ಟಣನ ಎತ್ತಿದ್ರೆ ಇವನ ಕೈ ನೆಟ್ಟಗಿರ್ತಿತ್ತು" ಅಂದಳು. ಹೆತ್ತ ಹೊಟ್ಟೆಯ ಸಂಕಟ, ಅವಳನ್ನು ಏನನ್ನಲಿ? ನಿನ್ನನ್ನು ಅನ್ನುವುದಕ್ಕೆ ಅವಳಿಗೆ ಧೈರ್ಯವಿಲ್ಲ, ಅವಳ ಗಂಡ ಓಡಿಸುವ ಮಗ್ಗ ನಿನ್ನ ಷಡ್ಡಕನದು. ಕೈಗೆ ಸಿಕ್ಕ ಮಗುವನ್ನು ಅಂದಳು. ಬಸ್ ಸ್ಟಾಪಿನಲ್ಲಿ ಮಕ್ಕಳು ಮೊದಲಿನಿಂದಲೂ ಅವಳ ಕೈಯಿಂದಲೇ ಪಳ್ಳಿಕೂಡ ಹೋಯಿತು ಅನ್ನುತ್ತಿದ್ದವಂತೆ. ಹುಡುಗಿ ನಮಗೆ ಹೇಳಿರಲಿಲ್ಲ.

ಅವತ್ತಿನಿಂದ ಹುಡುಗಿ ಪಳ್ಳಿಕೂಡಕ್ಕೆ ಹೋಗಿಲ್ಲ. ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾಳೆ. ಅವಳಪ್ಪ ಧನಪಾಲ ಬೈದ, ಅವಳಮ್ಮ ಗೋಮತಿ ಅತ್ತಳು. ನೀರು ಕೊಡು ಎಂದರೆ ಎಡಗೈಯಲ್ಲಿ ಕೊಡುತ್ತಾಳೆ. ಪೆನ್ಸಿಲು ಹಿಡಿಯುವುದಿಲ್ಲ. ಬರೆಯುವ ಕೈಯಲ್ಲಿ ಏನು ಮಾಡಿದರೂ ಯಾರಿಗೋ ಕೆಟ್ಟದಾಗುತ್ತದೆ ಎಂದು ಅವಳ ಲೆಕ್ಕ.

ಕೇಳು. ಮೊನ್ನೆ ವಿಜಯಕುಮಾರಿ ಟೀಚರ್ ಅವಳನ್ನು ನೋಡಲು ಬಂದಿದ್ದರು. ಹುಡುಗಿಯ ಅವತಾರ ನೋಡಿ ಅವರಿಗೆ ತಡೆಯಲಾಗಲಿಲ್ಲ, ಬಾಯಿಬಿಟ್ಟರು. ಪಳ್ಳಿಕೂಡವನ್ನು ಮೇಲ್ಪಾಳ್ಯಕ್ಕೆ ಸೇರಿಸುವ ಸರ್ಕಾರದ ಆರ್ಡರು ಹೂ ಕೇಳುವುದಕ್ಕೆ ಮುಂಚೆಯೇ ಬಂದಿತ್ತಂತೆ. ಅವರೇ ನಿನಗೆ ತಿಳಿಸಿದರಂತೆ. ನೀನು, "ಊರಿಗೆ ಈಗ ಹೇಳ್ಬೇಡಿ ಟೀಚರ್, ಜಗಳ ಆಗುತ್ತೆ, ನಾವು ಬೇರೆ ಥರ ಸಮಾಧಾನ ಮಾಡ್ಕೊಳ್ತೀವಿ" ಅಂದೆಯಂತೆ. ಆ ಬೇರೆ ಥರ ಎಂದರೆ ನನ್ನ ಮೊಮ್ಮಗಳ ಕೈ.

ಬಿಳಿ ಬಂದಿದ್ದರೆ ಏನು ಮಾಡುತ್ತಿದ್ದೆ? ನನಗೆ ಗೊತ್ತು. "ಅಮ್ಮ ಸರಿಯಾಗಿ ಕೇಳಿಸ್ಕೊಳ್ಲಿಲ್ಲ" ಎಂದು ಇನ್ನೊಮ್ಮೆ ಕೇಳುತ್ತಿದ್ದೆ, ಕೆಂಪು ಬರುವ ತನಕ.

ಇದನ್ನು ನಾನು ಅವಳಿಗೆ ಹೇಳಿದೆ. ಟೀಚರೂ ಹೇಳಿದರು. ನಂಬಲಿಲ್ಲ. "ಟೀಚರ್ ನಲ್ಲವರು, ಅದಕ್ಕೆ ಹಾಗೆ ಹೇಳ್ತಾರೆ" ಎಂದು ಅವರ ಒಳ್ಳೆಯತನದ ಮೇಲೆ ಹಾಕಿದಳು. ನನಗೆ ಏನಂದಳು ಗೊತ್ತೆ? "ತಾತ ಸಾಮಿ ಮುಂದೆ ನಿಂತ್ಕೊಂಡು ಹೇಳ್ದ್ರು. ನೀ ಒಲೆ ಮುಂದೆ ಕೂತ್ಕೊಂಡು ಹೇಳ್ತಿದ್ದೀಯ." ಆದ್ದರಿಂದ ನೀನೇ ಬರಬೇಕು. ಬಂದು ಅವಳ ಎದುರು ಕೂತು, ಆರ್ಡರು ಮೊದಲೇ ಬಂದಿತ್ತು, ನಿನ್ನ ಕೈಯಿಂದ ಏನೂ ಆಗಲಿಲ್ಲ ಎಂದು ಹೇಳಬೇಕು. ಅಷ್ಟೇ. ಬಸ್ಸಿನಲ್ಲಿ ಬಂದರೂ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೀಯ.

ಮಲ್ಲಿಗಾ


ತಿರುಪ್ಪೂರು
4 ಆಗಸ್ಟ್ 2024

ಅಕ್ಕನಿಗೆ,

ವಿಷಯ ತಿಳಿದು ಮನಸ್ಸಿಗೆ ಬಹಳ ಕಷ್ಟವಾಯಿತು. ತಂಗಮಣಿ ಹಾಗೆ ಮಾತಾಡಬಾರದಿತ್ತು. ಅವಳ ಗಂಡನಿಗೆ ಹೇಳಿಸುತ್ತೇನೆ.

ಆದರೆ ನೀನು ಕೇಳುವುದು ನನ್ನಿಂದ ಆಗುವ ಕೆಲಸವೇ? ಯೋಚನೆ ಮಾಡು. ಆರ್ಡರು ಮೊದಲೇ ಬಂದಿತ್ತು ಎಂದು ನಾನು ಬಾಯಿಬಿಟ್ಟು ಹೇಳಿದರೆ, ಅಮ್ಮನ ಮುಂದೆ ಸುಮ್ಮನೆ ಆಟ ಆಡಿದೆವು ಎಂದಾಗುತ್ತದೆ. ಕಮಿಟಿಯ ಮಾನ ಏನಾಗಬೇಕು? ಹೂ ಕೇಳಿ ನಿಶ್ಚಯವಾದ ಮದುವೆಗಳು ಎಷ್ಟಿವೆ, ಅವರೆಲ್ಲ ಏನೆಂದುಕೊಳ್ಳುತ್ತಾರೆ? ಮಗುವಿನ ಮಾತು ಬೀದಿಯ ಮಾತಾಗಲು ಎಷ್ಟು ಹೊತ್ತು? ಆರ್ಡರು ಬಂದಿದ್ದರೂ ಅಮ್ಮನ ಒಪ್ಪಿಗೆ ಬೇಕಿತ್ತು, ಅಮ್ಮ ಒಪ್ಪಿದಳು. ನಾನು ಹಾಗೆಯೇ ನಂಬಿದ್ದೇನೆ.

ಮಕ್ಕಳ ಮನಸ್ಸು, ನಾಲ್ಕು ದಿನಕ್ಕೆ ಮರೆಯುತ್ತದೆ. ಒಂದು ಸೈಕಲ್ ಕಳಿಸುತ್ತಿದ್ದೇನೆ, ಒಳ್ಳೆಯ ಕಂಪೆನಿಯದು. ಇನ್ನು ಬಸ್ಸಿಗೆ ಕಾಯಬೇಕಾಗಿಲ್ಲ. ಗುಡಿಯಲ್ಲಿ ಒಂದು ದಾರ ಮಂತ್ರಿಸಿ ಆ ಕೈಗೆ ಕಟ್ಟಿಸು, ಭಯ ಹೋಗುತ್ತದೆ. ಬೇಕಾದರೆ ನನ್ನ ಮೊಮ್ಮಕ್ಕಳು ಓದುವ ಕಡೆ ಸೀಟು ಕೇಳುತ್ತೇನೆ, ಇಲ್ಲೇ ಇದ್ದು ಓದಲಿ.

ಶಣ್ಮುಗಂ


ಕಾಳಪ್ಪನಪಾಳ್ಯ
19 ಸೆಪ್ಟೆಂಬರ್ 2024

ಶಣ್ಮುಗ,

ನಿನ್ನ ಸೈಕಲ್ ಬಂತು. ಅದು ಹೊರಗೆ ಪ್ಲಾಸ್ಟಿಕ್ ಕವರಿನಲ್ಲೇ ನಿಂತಿದೆ. ಆ ಟೆಂಪೊದವನು ಮತ್ತೆ ಈ ಕಡೆ ಬಂದಾಗ ವಾಪಸ್ಸು ಹೇರಿಸುತ್ತೇನೆ. ಒಂದು ಕೈ ತೊಡೆಯ ಕೆಳಗಿಟ್ಟುಕೊಳ್ಳುವ ಹುಡುಗಿಗೆ ಎರಡು ಕೈ ಬೇಕಾದ ಗಾಡಿ ಕಳಿಸಿದ್ದೀಯ. ಅಷ್ಟು ದೊಡ್ಡ ಕಂಪೆನಿ ನಡೆಸುವವನಿಗೆ ಇಷ್ಟು ಬುದ್ಧಿ ಬೇಡವೇ.

ದಾರವನ್ನೂ ಕಟ್ಟಿಸಲಿಲ್ಲ. ಕಟ್ಟಿದರೆ ಕೈಯಲ್ಲಿ ಏನೋ ಇದೆ ಎಂದು ಊರೇ ಒಪ್ಪಿಕೊಂಡ ಹಾಗೆ. ನಿನ್ನ ಸೀಟೂ ಬೇಡ. ನಿನ್ನ ಮನೆಯಲ್ಲಿ ಅವಳನ್ನು "ನಮ್ ಊರ್ ಬಡ ಹುಡ್ಗಿ" ಎಂದು ಬಂದವರಿಗೆ ತೋರಿಸಿ ಕಾಫಿ ಕೊಡುತ್ತೀರಿ.

ಮಾನದ ಮಾತು ಬರೆದಿದ್ದೀಯ. ಶಣ್ಮುಗ, ನೀನು ಅಮ್ಮನ ಕಣ್ಣಿಗೆ ಮಣ್ಣೆರಚಿದೆ, ಇಲ್ಲವೇ ಮಗುವಿನ ಕಣ್ಣಿಗೆ. ಎರಡರಲ್ಲಿ ಒಂದು. ಅಮ್ಮನಿಗೆ ಹೆದರಿ ಮಗುವಿನ ತಲೆಗೆ ಕಟ್ಟುತ್ತಿದ್ದೀಯ ಎಂದರೂ ಒಂದು ಅರ್ಥವಿರುತ್ತಿತ್ತು. ನೀನು ಹೆದರುವುದು ಅಮ್ಮನಿಗಲ್ಲ, ಜಗುಲಿಗೆ. ಜಗುಲಿಯ ಮೇಲೆ ಕೂತವರಾದರೂ ಎಂಥ ಜನ? ಅವರಲ್ಲೊಬ್ಬ ವೇಲುಸಾಮಿ ಮೊನ್ನೆ ನನ್ನನ್ನು ನಿಲ್ಲಿಸಿ, "ಮಗೂಗೆ ಸಾಮಿ ಬಂದುಟ್ಟಿದೆಯೋ ಏನೋ, ಕೇಳಿ ನೋಡಿ, ಯಾವ ಜಾಗದಲ್ಲಿ ಬೋರ್ ಹಾಕಿದ್ರೆ ನೀರು ಬರುತ್ತೆ ಅಂತ" ಅಂದ. ನಾನು ಕೈಯಲ್ಲಿದ್ದ ಸೊಪ್ಪನ್ನು ಅವನ ಮೇಲೆ ಎಸೆಯಲಿಲ್ಲ, ಸೊಪ್ಪು ಚೆನ್ನಾಗಿತ್ತು.

ನಾಲ್ಕು ದಿನಕ್ಕೆ ಮರೆಯುತ್ತಾಳೆ ಅಂದಿದ್ದೆ. ಮರೆತಿಲ್ಲ. ಕಾಲುವರ್ಷದ ಪರೀಕ್ಷೆ ಬಂದಿದೆ. ಟೀಚರ್ ಹಾಜರಿಯಲ್ಲಿ ಅವಳ ಹೆಸರು ಹೊಡೆಯದೆ ಇಟ್ಟುಕೊಂಡಿದ್ದಾರೆ, ಎಷ್ಟು ದಿನ ಇಟ್ಟಾರು? ಹುಡುಗಿ ಬೆಳಗ್ಗೆ ಬಾಗಿಲಲ್ಲಿ ಕೂತು ಉಳಿದ ಮಕ್ಕಳು ದೊಡ್ಡ ರೋಡಿನ ಕಡೆ ಹೋಗುವುದನ್ನು ನೋಡುತ್ತಾಳೆ. ಎಲ್ಲ ದಾಟಿದರೋ ಇಲ್ಲವೋ ಎಂದು ಅಷ್ಟು ದೂರದಿಂದ ಅವಳಿಗೆ ಕಾಣುವುದಿಲ್ಲ. ಸಾಯಂಕಾಲ ಅವರು ವಾಪಸ್ಸು ಬರುವ ತನಕ ಅನ್ನ ತಿನ್ನುವುದಿಲ್ಲ. ಓದುವ ಮಗುವನ್ನು ಕಾವಲುಗಾರ್ತಿಯನ್ನಾಗಿ ಮಾಡಿ ಕೂರಿಸಿದ್ದೀರಿ.

ಬರುತ್ತೀಯೋ ಇಲ್ಲವೋ ಅದನ್ನು ಬರೆ. ಬೇರೆ ಏನನ್ನೂ ಕಳಿಸಬೇಡ.

ಮಲ್ಲಿಗಾ


ತಿರುಪ್ಪೂರು
8 ಜನವರಿ 2025

ಅಕ್ಕನಿಗೆ ನಮಸ್ಕಾರ.

ಕೆಲಸದ ಒತ್ತಡದಲ್ಲಿ ಬರೆಯಲಾಗಲಿಲ್ಲ. ದೀಪಾವಳಿಗೆ ಕಳಿಸಿದ ಬಟ್ಟೆ ವಾಪಸ್ಸು ಬಂದದ್ದನ್ನು ನೋಡಿ ಮನೆಯಲ್ಲಿ ಎಲ್ಲರಿಗೂ ನೋವಾಯಿತು. ಇರಲಿ.

ಒಳ್ಳೆಯ ಸುದ್ದಿ. ತೈ ತಿಂಗಳಲ್ಲಿ, ಇದೇ ಜನವರಿ 24ನೇ ತಾರೀಖು ಶುಕ್ರವಾರ ಬೆಳಗ್ಗೆ ಮಂಟಪದ ಭೂಮಿ ಪೂಜೆ. ಪಳ್ಳಿಕೂಡದ ಹಳೆಯ ಕಟ್ಟಡವನ್ನು ಆಮೇಲೆ ಇಳಿಸುತ್ತೇವೆ, ಈಗ ಮುಂದಿನ ಅಂಗಳದಲ್ಲಿ ಪೂಜೆ. ಕಮಿಟಿಯವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದಾರೆ. ಯಾವ ಮಗುವಿನ ಕೈಯಲ್ಲಿ ಅಮ್ಮ ಉತ್ತರ ಕೊಟ್ಟಳೋ ಅದೇ ಮಗು ಮೊದಲನೇ ಕಲ್ಲು ಇಡಬೇಕು. ಎಲ್ಲರ ಮುಂದೆ ಕೃತ್ತಿಕಾಳಿಗೆ ಮಾಲೆ ಹಾಕಿ ಗೌರವಿಸಿದರೆ ಬೀದಿಯ ಮಾತೂ ನಿಲ್ಲುತ್ತದೆ, ಅವಳ ಭಯವೂ ಹೋಗುತ್ತದೆ. ಇದನ್ನು ನಾನೇ ಯೋಚಿಸಿದ್ದು. ನೀನು ಕೇಳಿದ್ದಕ್ಕಿಂತ ದೊಡ್ಡದನ್ನೇ ಮಾಡುತ್ತಿದ್ದೇನೆ. ದಯವಿಟ್ಟು ಕರೆದುಕೊಂಡು ಬಾ.

ತಮ್ಮ
ಶಣ್ಮುಗಂ


ಕಾಳಪ್ಪನಪಾಳ್ಯ
13 ಜನವರಿ 2025

ಶಣ್ಮುಗ,

ಪಳ್ಳಿಕೂಡ ಮುಚ್ಚಿಸಿದ ಕೈಯಲ್ಲೇ ಅದನ್ನು ಹೂಳುವ ಕೆಲಸವನ್ನೂ ಮಾಡಿಸಬೇಕು ಎಂದು ನೀನೇ ಯೋಚಿಸಿದೆಯಾ. ಒಳ್ಳೆಯದು. ಹುಡುಗಿಗೆ ನಿನ್ನ ಕಾಗದವನ್ನು ಓದಿ ಹೇಳಿದೆ, ನನ್ನದು ಎಂದು ಒಂದು ಮಾತೂ ಸೇರಿಸಲಿಲ್ಲ. ಅವಳು, "ತಾತ ಬರ್ತಾರಲ್ಲ, ಹೋಗ್ತೀನಿ" ಅಂದಳು. ಬರುತ್ತೇವೆ.

ಮಲ್ಲಿಗಾ


ಕಾಳಪ್ಪನಪಾಳ್ಯ
28 ಜನವರಿ 2025

ಶಣ್ಮುಗ,

ಬೀಪಿ ಜಾಸ್ತಿಯಾಗಿ ಪೂಜೆಯ ನಡುವೆ ಹೊರಟುಹೋದೆ ಎಂದು ನಿನ್ನ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಾಳಂತೆ. ನನಗೆ ಹುಡುಗಿ ಹೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ತಿದ್ದುವುದಿಲ್ಲ, ಗೊತ್ತು.

ಮಾಲೆ ಹಾಕಿಸಿಕೊಂಡಳು. ಕಲ್ಲು ಎತ್ತು ಅಂದರೆ ಬಲಗೈ ಬೆನ್ನ ಹಿಂದೆ ಹೋಯಿತು. ಅಯ್ಯರು ಹೇಳಿದರು, ವೇಲುಸಾಮಿ ಹೇಳಿದ, ಕಮಿಟಿಯ ಹೆಂಗಸರು ಗಲ್ಲ ಹಿಡಿದರು. ಅಲ್ಲಾಡಲಿಲ್ಲ. ಮಗ್ಗದವರೆಲ್ಲ ನೋಡುತ್ತಿದ್ದರು, ತಂಗಮಣಿಯೂ ಮಗನ ಕೈ ಹಿಡಿದುಕೊಂಡು ಅಲ್ಲೇ ಇದ್ದಳು. ಅಯ್ಯರು ಗಡಿಯಾರ ನೋಡಿ, ಮುಹೂರ್ತದ ಒಳ್ಳೆ ನೇರ ಮುಗಿಯುತ್ತಾ ಬಂತು ಅಂದರು. ಆಗ ನೀನು ಅವಳನ್ನು ಪಳ್ಳಿಕೂಡದ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದು ನಿನಗೂ ಅವಳಿಗೂ ಮಾತ್ರ ಗೊತ್ತು, ಈಗ ನನಗೂ ಗೊತ್ತು.

"ಕಣ್ಣು ಕಂದಾ, ಹೆದ್ರಬೇಡ," ಅಂದೆಯಂತೆ. "ನೀ ಯಾವ್ದ ಎತ್ತಿದ್ರೂ ಪಳ್ಳಿಕೂಡ ಮುಚ್ತಾನೇ ಇತ್ತು. ಆರ್ಡರ್ ಮುಂಚೇನೇ ಬಂದಿತ್ತು. ನಿನ್ ಕೈ ಏನೂ ಮಾಡ್ಲಿಲ್ಲ. ಬೇಗ ಬಾ, ಕಲ್ಲು ಇಡು."

ನೋಡು, ಹೇಳುವುದಕ್ಕೆ ಅಷ್ಟೇ ಹೊತ್ತು ಸಾಕಾಯಿತು. ಜುಲೈಯಿಂದ ನಾನು ಬೇಡಿಕೊಂಡದ್ದು ಆ ನಾಲ್ಕು ಮಾತನ್ನೇ. ಅಷ್ಟು ತಿಂಗಳು ಮಗು ಕೂತದ್ದು ನಿನ್ನ ಬಾಯಿ ತೆರೆಸಲಿಲ್ಲ, ಅಯ್ಯರ ಗಡಿಯಾರ ತೆರೆಸಿತು. ಜೀವನದಲ್ಲಿ ಒಂದು ಸಲ ನಿಜ ಹೇಳಿದೆ, ಅದನ್ನೂ ಮುಹೂರ್ತ ತಪ್ಪುತ್ತದೆ ಎಂದು ಹೇಳಿದೆ.

ಆಮೇಲೆ ಅವಳು ಗುಡಿಯ ಕಡೆ ತಿರುಗಿ, "ಇದು ಅಮ್ಮಂಗೆ ಗೊತ್ತಾ ತಾತ?" ಎಂದು ಕೇಳಿದಳಂತೆ.

ನೀನು ಟವಲಿನಿಂದ ಮುಖ ಒರೆಸಿಕೊಂಡೆಯಂತೆ. ಅವಳು ಇನ್ನೊಮ್ಮೆ ಕೇಳಿದಳಂತೆ. ನೀನು ಮುಂದಕ್ಕೆ ಬಂದು ಕಲ್ಲನ್ನು ನೀನೇ ಇಟ್ಟು, ಕಾರು ಹತ್ತಿದೆ. ಕಲ್ಲು ಇಟ್ಟದ್ದನ್ನು ಊರೆಲ್ಲ ನೋಡಿತು. ಸೊಟ್ಟಗೆ ಇಟ್ಟಿದ್ದೀಯ, ಮೇಸ್ತ್ರಿ ಮಾರನೇ ದಿನ ತೆಗೆದು ಮತ್ತೆ ಇಟ್ಟ.

ಹುಡುಗಿ ಮನೆಗೆ ಬಂದು ಮಾಲೆ ತೆಗೆದಳು. ಭಾನುವಾರ ಸಾಯಂಕಾಲ ತಲೆ ಬಾಚಿಸಿಕೊಂಡು, ಹಿತ್ತಲಿನ ಮಲ್ಲಿಗೆ ಬಿಡಿಸಿಕೊಂಡು ಗುಡಿಗೆ ಹೊರಟಳು. ಬಲಗೈಯಲ್ಲೇ ಬಿಡಿಸಿದಳು. ನಾನು ಬರುತ್ತೇನೆ ಅಂದರೆ ಬೇಡ ಅಂದಳು. ನಾನು ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತೆ. ಪೂಜಾರಿ ಇನ್ನೂ ಬಂದಿರಲಿಲ್ಲ, ಬಾಗಿಲಿಗೆ ಕಂಬಿ ಹಾಕಿತ್ತು. ಅವಳು ಕಂಬಿಯೊಳಗೆ ಕೈ ತೂರಿಸಿ ಹೂವನ್ನು ಮೆಟ್ಟಿಲ ಮೇಲಿಟ್ಟಳು. ಚೌಡಮ್ಮನ ಕಡೆ ಮುಖ ಮಾಡಿ, ರಾಮ್‌ಕುಮಾರನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಪಾಪ, ನಿನ್ನನ್ನೂ ಏಮಾರ್ಸಿಬಿಟ್ರಂತೆ ಅಮ್ಮ. ನಂಗೂ ಮೊನ್ನೆತಾನ್ ಗೊತ್ತಾಯ್ತು. ನೀ ಅಳಬೇಡ. ನಿನ್ ಮೇಲೆ ತಪ್ಪಿಲ್ಲ."

ಸೋಮವಾರ ಪಳ್ಳಿಕೂಡಕ್ಕೆ ಹೋದಳು. ದೊಡ್ಡ ರೋಡು ದಾಟುವಾಗ ರಾಮ್‌ಕುಮಾರನನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು, ತಂಗಮಣಿಯೇ ಅವನ ಕೈಯನ್ನು ಅವಳ ಕೈಗೆ ಕೊಟ್ಟಳು.

ಅವಳಿಗೆ ನಿನ್ನ ಮೇಲೆ ಕೋಪವಿಲ್ಲ, ಕೇಳಿದೆ. ಅಮ್ಮನಿಗೂ ಇರಲಾರದು, ಅವಳು ಎಷ್ಟೋ ಜನರನ್ನು ನೋಡಿದವಳು. ಹಾಗೆಂದು ನೀನು ನಿಶ್ಚಿಂತೆಯಾಗಿರಬೇಡ. ಕೋಪಕ್ಕೆ ನಾನಿದ್ದೇನೆ.

ಮಲ್ಲಿಗಾ